ನೋವಿಗೆ ಸಾಕ್ಷಿ ಯಾರು?

ನಮ್ಮ ಅತ್ತೆಗೆ ಸೊಂಟನೋವು ಬರುತ್ತಿದ್ದುದು ಮನೆಗೆ ನೆಂಟರು ಬರುವ ಹೊತ್ತಿಗೇ. ನಾನು ಮನಸ್ಸಿನಲ್ಲೇ ಲೆಕ್ಕ ಇಟ್ಟಿದ್ದೆ. ಹಬ್ಬದ ಹಿಂದಿನ ದಿನವೆಲ್ಲ ಅಟ್ಟದ ಪಾತ್ರೆ ಇಳಿಸಿ, ಹೂರಣ ರುಬ್ಬಿ ಓಡಾಡಿದವರು ಮರುದಿನ ಚಾಪೆ ಬಿಟ್ಟು ಏಳುತ್ತಿರಲಿಲ್ಲ. ಎಕ್ಸ್‌ರೇ ತೆಗೆಸಿದೆವು. "ಏನೂ ಇಲ್ಲವಂತೆ" ಎಂದು ನಾನು ನಾದಿನಿಯ ಹತ್ತಿರ ಅಂದದ್ದು ಅವರ ಕಿವಿಗೂ ಬಿತ್ತು. ಅಂದಿನಿಂದ ಅವರು ನೋವೆಂದು ಹೇಳುವುದನ್ನೇ ಬಿಟ್ಟರು. ಗುಣವಾಯಿತೆಂದು ನಾನು ತಿಳಿದೆ.

ಈಗ ಅವರಿಲ್ಲ. ಸೊಂಟನೋವು ಮಾತ್ರ ನನ್ನ ಪಾಲಿಗೆ ಬಂದಿದೆ. ಸ್ಕ್ಯಾನಿನಲ್ಲಿ ಕಂಡದ್ದು ವಯಸ್ಸಿಗೆ ತಕ್ಕ ಸವೆತ, ಅಷ್ಟೆ. "ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದು ಒಬ್ಬ ವೈದ್ಯರು ನಕ್ಕಾಗ, ಅತ್ತೆಯ ಚಾಪೆ ಕಣ್ಣ ಮುಂದೆ ಬಂತು.

ಕೊನೆಗೆ ಮಗಳು ನನ್ನನ್ನು ದೊಡ್ಡ ಊರಿನ ಒಂದು ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ನೋವಿನ ವೈದ್ಯರು, ಫಿಸಿಯೋಥೆರಪಿಸ್ಟ್, ಆಕ್ಯುಪೇಶನಲ್ ಥೆರಪಿಸ್ಟ್, ಒಬ್ಬ ಮನಃಶಾಸ್ತ್ರಜ್ಞೆ ಒಟ್ಟಿಗೆ ಕುಳಿತು ನನ್ನ ಮಾತು ಕೇಳಿದರು. ಅವರು ಹೇಳಿದ್ದು ಎರಡು ಮಾತು. ನಿಮ್ಮ ನೋವು ನಿಜ. ಅದು ಪೂರ್ತಿ ಹೋಗದಿರಲೂಬಹುದು. ಮೂರು ತಿಂಗಳು ಮೀರಿದ ನೋವಿನಲ್ಲಿ ಅನೇಕ ಸಲ ಗಾಯ ಮಾಗಿದ್ದರೂ ನರಮಂಡಲ ಎಚ್ಚರಿಕೆ ಕೊಡುತ್ತಲೇ ಇರುತ್ತದಂತೆ, ಕಳ್ಳ ಹೋದ ಮೇಲೂ ಬೊಗಳುವ ನಾಯಿಯ ಹಾಗೆ.

ಹೀಗೆ ಹಲವರು ಕೂಡಿ ನೋಡುವ ಪದ್ಧತಿಗೆ ದಾರಿ ಮಾಡಿದವರಲ್ಲಿ ಮುಖ್ಯರು ಅಮೆರಿಕದ ಅರಿವಳಿಕೆ ವೈದ್ಯ ಜಾನ್ ಬೊನಿಕಾ. ಎರಡನೆಯ ಮಹಾಯುದ್ಧದ ಗಾಯಾಳುಗಳನ್ನು ನೋಡುತ್ತ, ಇಂಥ ನೋವು ಒಬ್ಬ ವೈದ್ಯನ ಕೈಗೆ ದಕ್ಕುವುದಲ್ಲವೆಂದು ಅವರಿಗೆ ಅನ್ನಿಸಿತು. 1953ರಲ್ಲಿ ಅವರ ದೊಡ್ಡ ಗ್ರಂಥ ಬಂತು. ಓದುವ ಕಾಲದಲ್ಲಿ ಖರ್ಚಿಗೆಂದು ಕುಸ್ತಿಯಾಡಿದ್ದ ಅವರ ಮೈಯಲ್ಲೂ ನೋವು ಬೇಕಾದಷ್ಟಿತ್ತು.

ನನಗೆ ಒಂದು ಪುಸ್ತಕ ಕೊಟ್ಟು ದಿನದ ಕೆಲಸ ಬರೆಯಲು ಹೇಳಿದರು. ಎರಡು ವಾರದಲ್ಲೇ ಗುಟ್ಟು ಬಯಲಾಯಿತು. ನೋವು ಕಡಿಮೆಯಿದ್ದ ದಿನ ಎಲ್ಲ ಕೆಲಸ ಒಟ್ಟಿಗೆ ಮಾಡುತ್ತಿದ್ದೆ, ಆಮೇಲೆ ಮೂರು ದಿನ ಹಾಸಿಗೆ ಹಿಡಿಯುತ್ತಿದ್ದೆ. ನೋವು ನೋಡಿ ನಿಲ್ಲಿಸಬೇಡಿ, ಗಡಿಯಾರ ನೋಡಿ ನಿಲ್ಲಿಸಿ ಎಂದರು. ಆಗ ನನಗೆ ಹೊಳೆಯಿತು: ಅತ್ತೆಯ ಬಗ್ಗೆ ನಾನಿಟ್ಟ ಲೆಕ್ಕ ಸರಿಯಾಗಿಯೇ ಇತ್ತು, ಕೂಡಿದ್ದು ಮಾತ್ರ ತಪ್ಪು. ನೋವು ತಂದದ್ದು ನೆಂಟರಲ್ಲ, ಹಿಂದಿನ ದಿನದ ದುಡಿಮೆ.

ನಂಬುವುದೆಂದರೆ ಕನಿಕರಪಡುವುದೂ ಅಲ್ಲ. ನನ್ನ ಯಜಮಾನರು ಕೈಯಿಂದ ಬಕೆಟ್ಟು ಕಸಿದುಕೊಳ್ಳುತ್ತಿದ್ದರು. ಅವರನ್ನೂ ಕರೆಸಿ, "ನೋಯುತ್ತಿದೆಯಾ ಎಂದು ಗಳಿಗೆಗೊಮ್ಮೆ ಕೇಳಬೇಡಿ, ಇವತ್ತು ಏನು ಮಾಡಿದೆ ಎಂದು ಕೇಳಿ" ಎಂದರು ಮನಃಶಾಸ್ತ್ರಜ್ಞೆ. ಅತಿಯಾದ ಆರೈಕೆಯೂ ಮನುಷ್ಯರನ್ನು ಮೂಲೆಗೆ ಕೂರಿಸುತ್ತದೆ.

ಹಾಗಾದರೆ, ಸುಳ್ಳು ಹೇಳುವವರು ಇಲ್ಲವೇ? ಇರಬಹುದು. ಸುಳ್ಳನ್ನು ನಂಬಿದರೆ ನಮಗೆ ನಷ್ಟ ಒಂದು ದಿನದ ಹೆಚ್ಚಿನ ಕೆಲಸ. ನಿಜವನ್ನು ನಂಬದೆ ಹೋದರೆ ಎದುರಿನ ಜೀವ ಬಾಯಿ ಮುಚ್ಚಿಕೊಳ್ಳುತ್ತದೆ. ಈ ಎರಡು ನಷ್ಟ ಸಮವಲ್ಲ. 2020ರಲ್ಲಿ ನೋವಿನ ಅಂತರರಾಷ್ಟ್ರೀಯ ಸಂಘ ತನ್ನ ವ್ಯಾಖ್ಯೆಯನ್ನು ತಿದ್ದಿದಾಗ, ನೋವೆಂದು ಹೇಳಿದವರ ಮಾತನ್ನು ಗೌರವಿಸಬೇಕೆಂದು ಜೊತೆಗೇ ಬರೆಯಿತು. ಆದರೆ ನಾವೋ, ಹೇಳಿಕೊಳ್ಳದ ಹೆಂಗಸನ್ನೇ ಸಹನಾಮೂರ್ತಿ ಎಂದು ಹೊಗಳಿ ಬೆಳೆದವರು. ಆ ಹೊಗಳಿಕೆಯಲ್ಲಿ ನಮ್ಮ ಅನುಕೂಲ ಎಷ್ಟಿತ್ತೋ!

ಮೊನ್ನೆ ಯುಗಾದಿಗೆ ಹದಿನೈದು ನಿಮಿಷ ಕಣಕ ನಾದಿ, ಗಡಿಯಾರ ನೋಡಿ, ಸೊಸೆಯ ಕೈಗೆ ಕೊಟ್ಟು ಕುರ್ಚಿಯ ಮೇಲೆ ಕುಳಿತೆ. ಅವಳು ಒಮ್ಮೆ ನನ್ನತ್ತ ನೋಡಿದಳು. ಯಾವ ಲೆಕ್ಕ ಇಡುತ್ತಿದ್ದಾಳೋ ಕಾಣೆ. ಪುಸ್ತಕ ತಂದು ಅವಳ ಮುಂದಿಟ್ಟು, ಎಲ್ಲ ಹೇಳಿದೆ, ಅತ್ತೆಯ ವಿಷಯವನ್ನೂ ಸೇರಿಸಿ.