ಕಳಿಂಗಕ್ಕೆ ಹೇಳದ ಮಾತು

ಕ್ರಿಸ್ತಪೂರ್ವ 261ರ ಸುಮಾರಿಗೆ, ಪಟ್ಟಾಭಿಷೇಕವಾಗಿ ಎಂಟು ವರ್ಷ ಕಳೆದಿದ್ದ ಅಶೋಕ ಕಳಿಂಗವನ್ನು ಗೆದ್ದ. ಲೆಕ್ಕವನ್ನು ಅವನೇ ತನ್ನ 13ನೆಯ ಬಂಡೆಶಾಸನದಲ್ಲಿ ಕೊಡುತ್ತಾನೆ: ಒಂದೂವರೆ ಲಕ್ಷ ಜನರನ್ನು ನಾಡಿನಿಂದ ಹೊರಗೆ ಸಾಗಿಸಲಾಯಿತು, ಒಂದು ಲಕ್ಷ ಜನ ಕೊಲೆಯಾದರು, ಅದರ ಹಲವು ಪಟ್ಟು ಜನ ಸತ್ತರು. ಇದರಿಂದ ತನಗೆ ಸಂಕಟವಾಗಿದೆ ಎನ್ನುತ್ತಾನೆ. ಶಾಲೆಯಲ್ಲಿ ಓದಿದಾಗಿನಿಂದ ನನಗೆ ಅವನ ಮೇಲೆ ಗೌರವ.

ನಮ್ಮೂರು ಯಳವತ್ತಿಯಿಂದ ಕೊಪ್ಪಳ ಬಹಳ ದೂರವಲ್ಲ. ಅಲ್ಲಿನ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡುವಿನಲ್ಲೂ ಅವನ ಕಿರುಶಾಸನಗಳಿವೆ. ಅವುಗಳಲ್ಲಿ ಕಳಿಂಗದ ಸುದ್ದಿಯಿಲ್ಲ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಮೇಲೇರಬಹುದು ಎಂಬ ಮಾತಿದೆ. ನೋಡಿ ಬಂದವನು ಉಳಿದ ಶಾಸನಗಳ ಬಗ್ಗೆ ಓದತೊಡಗಿದೆ. ಆಗ ಒಂದು ಸಂಗತಿ ಚುಚ್ಚಿತು. 13ನೆಯ ಶಾಸನ ಗಿರ್ನಾರದಲ್ಲಿದೆ, ಶಹಬಾಜ್‌ಗಢಿಯಲ್ಲಿದೆ, ಆಂಧ್ರದ ಎರ್ರಗುಡಿಯಲ್ಲಿದೆ. ಕಳಿಂಗದ ಧೌಲಿ, ಜೌಗಡಗಳಲ್ಲಿ ಇಲ್ಲ! ಅಲ್ಲಿರುವುದು ಅಧಿಕಾರಿಗಳಿಗೆ ಬರೆಸಿದ ಬೇರೆ ಎರಡು ಶಾಸನಗಳು: ಎಲ್ಲ ಜನರೂ ನನ್ನ ಮಕ್ಕಳು, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬೇಡಿ ಎಂದು.

ನೊಂದವರಿಗೆ ಅವರ ಹೆಣಗಳ ಲೆಕ್ಕ ಓದಿ ಹೇಳುವುದು ಗಾಯದ ಮೇಲೆ ಉಪ್ಪು ಸವರಿದಂತೆ ಎಂದು ಅವನು ಎಣಿಸಿರಬಹುದು. ಮುಂದಿನ ಆಡಳಿತ ನೆಟ್ಟಗಿದ್ದರೆ ಸಾಕು, ಅದೇ ನಿಜವಾದ ಪ್ರಾಯಶ್ಚಿತ್ತ ಎಂದೂ ವಾದಿಸಬಹುದು. ಆದರೆ ಗೆದ್ದ ನಾಡನ್ನು ಅವನು ಬಿಟ್ಟುಕೊಡಲಿಲ್ಲ. ಸಾಗಿಸಿದವರನ್ನು ಮರಳಿ ಕಳಿಸಿದ ಮಾತೂ ಆ ಶಾಸನದಲ್ಲಿಲ್ಲ. ತಪ್ಪನ್ನು ಊರಿಗೆಲ್ಲ ಹೇಳಿ, ಹೇಳಬೇಕಾದವರಿಗೇ ಹೇಳದಿದ್ದರೆ ಅದು ಪಶ್ಚಾತ್ತಾಪವೇ?

ಈ ಪ್ರಶ್ನೆ ಕೇಳುವ ಹಕ್ಕು ನನಗಿರಲಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ, ಎತ್ತಿನ ಕೊರಳಿನ ಗಂಟೆಸರ ಕಳೆದಾಗ, ನಮ್ಮ ಮನೆಯ ಆಳನ್ನು ನಾಲ್ಕು ಜನರ ಮುಂದೆ ಕಳ್ಳ ಅಂದಿದ್ದೆ. ಅವನು ನನಗಿಂತ ಹಿರಿಯ. ಕಾಕಾ ಎಂದೇ ಕರೆಯುತ್ತಿದ್ದೆ. ಅಂದೇ ಕೆಲಸ ಬಿಟ್ಟ. ತಿಂಗಳೊಪ್ಪತ್ತಿನಲ್ಲಿ ಸರ ನಮ್ಮ ಅಟ್ಟದ ಮೇಲೇ ಸಿಕ್ಕಿತು. ಈ ಕತೆಯನ್ನು ಗದಗಿನ ಗೆಳೆಯರಿಗೆ ಎಷ್ಟೋ ಸಲ ಹೇಳಿದ್ದೇನೆ. ಕೇಳಿದವರು ನನ್ನ ಪ್ರಾಮಾಣಿಕತೆಯನ್ನು ಹೊಗಳಿದ್ದಾರೆ. ಅವನಿಗೆ ಮಾತ್ರ ಹೇಳಿರಲಿಲ್ಲ.

ಹೋದ ಸುಗ್ಗಿಯಲ್ಲಿ ಅವನ ಮನೆಗೆ ಹೋಗಿ ಹೇಳಿದೆ. “ಸರ ಸಿಕ್ಕದ್ದು ನನಗ ಆಗಳೇ ಗೊತ್ತಿತ್ತು ತಮ್ಮಾ. ನೀ ಯಾವಾಗ ಹೇಳ್ತಿ ಅಂತ ನೋಡಾಕತ್ತಿದ್ನಿ” ಎಂದ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಚಹಾ ಕೊಟ್ಟ, ಕುಡಿದೆ. ಮೂವತ್ತು ವರ್ಷ ಅವನು ಕಾದಿದ್ದ. ಆ ವರ್ಷಗಳನ್ನು ಮರಳಿ ಕೊಡಲು ನನ್ನಿಂದ ಆಗದು.