ಅನ್ನದ ಋಣವೂ ನಂಬಿಕೆಯ ಸತ್ಯವೂ



ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯು ರಾಗಿಯ ಸೀಮೆ. ಮಳೆ ಬಂದರೆ ಹೊಲದಲ್ಲಿ ತೆನೆಯುಂಟು, ಕೆರೆಯಲ್ಲಿ ನೀರುಂಟು. ಬಾರದೆ ಹೋದರೆ ಎರಡೂ ಇಲ್ಲ. ಇಂಥ ಸೀಮೆಯ ಹಳ್ಳಿಗಳಲ್ಲಿ ಕ್ರಿಸ್ತನ ಹೆಸರನ್ನು ಧರಿಸಿದವರು ಆಗಾಗ ಕೇಳಬೇಕಾಗಿ ಬರುವ ಒಂದು ಮಾತುಂಟು. ಜಗಳ ಬಂದಾಗ ಸಿಟ್ಟಿನಿಂದಲೂ ಸ್ನೇಹವಿದ್ದಾಗ ನಗುತ್ತಲೂ ಅದನ್ನು ಆಡುವರು: "ನಿಮ್ಮ ಅಜ್ಜಂದಿರು ಬರಗಾಲದಲ್ಲಿ ಪಾದ್ರಿಗಳ ಗಂಜಿ ಕುಡಿದು ಜಾತಿ ಬಿಟ್ಟವರಲ್ಲವೇ?"

ಈ ಮಾತನ್ನು ಕೇಳಿ ನಮ್ಮಲ್ಲಿ ಕೆಲವರು ಕೋಪಿಸಿಕೊಳ್ಳುತ್ತಾರೆ. ಕೆಲವರು ಹಾಗೆ ನಡೆಯಲೇ ಇಲ್ಲವೆಂದು ವಾದಿಸುತ್ತಾರೆ. ಅನೇಕರು ತಲೆತಗ್ಗಿಸಿ ಸುಮ್ಮನಾಗುತ್ತಾರೆ. ಹೀಗೆ ಸುಮ್ಮನಾಗುವವರು ತಮ್ಮ ಮಕ್ಕಳಿಗೂ ಸಭೆಯ ಚರಿತ್ರೆಯನ್ನು ಹೇಳದೆ ಬಿಡುವದರಿಂದ, ಮಕ್ಕಳು ತಮ್ಮ ಹಿರಿಯರ ವಿಷಯವನ್ನು ನೆರೆಯವರ ಹಾಸ್ಯದಿಂದಲೇ ಕಲಿಯಬೇಕಾಗುತ್ತದೆ. ಆದಕಾರಣ ಈ ಪ್ರಶ್ನೆಯನ್ನು ನಾವೇ ಎತ್ತಿಕೊಂಡು, ಭಯವಿಲ್ಲದೆ ತೂಗಿ ನೋಡುವದು ಒಳ್ಳೇದು. ಹಸಿವಿನಲ್ಲಿ ಹಿಡಿದ ನಂಬಿಕೆಯು ಸತ್ಯವಾದ ನಂಬಿಕೆಯಾಗಬಲ್ಲದೋ?

ಮೊದಲು ನಡೆದದ್ದನ್ನು ತಿಳಿಯೋಣ. ಲಂಡನ್ ಮಿಶನ್ನಿನವರು 1820ರಲ್ಲಿಯೂ ವೆಸ್ಲಿಯನ್ ಮಿಶನ್ನಿನವರು 1821ರಲ್ಲಿಯೂ ಬೆಂಗಳೂರಿನಲ್ಲಿ ಕೆಲಸವನ್ನು ಆರಂಭಿಸಿದರು. ಬೆಂಜಮಿನ್ ರೈಸ್ ಎಂಬ ಪಾದ್ರಿಗಳು 1837ರಲ್ಲಿ ಅಲ್ಲಿಗೆ ಬಂದು, ಕನ್ನಡವನ್ನು ಕಲಿತು, 1887ರಲ್ಲಿ ತೀರಿಹೋಗುವ ತನಕ ಐವತ್ತು ವರುಷ ಸುವಾರ್ತೆಯನ್ನು ಸಾರಿದರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯವು ಅವರ ಹೆಸರನ್ನು ಹೊತ್ತಿದೆ. ಪೇಟೆಯಲ್ಲಿಯೂ ಸಂತೆಯಲ್ಲಿಯೂ ಜಾತ್ರೆಯಲ್ಲಿಯೂ ಸಾರೋಣವನ್ನು ಕೇಳಿದವರು ಬಹು ಜನ. ದೀಕ್ಷಾಸ್ನಾನ ಹೊಂದಿದವರು ಕೊಂಚ.

ಅಷ್ಟರಲ್ಲಿ ಧಾತು ಸಂವತ್ಸರವು ಬಂತು, ಅದರ ಹಿಂದೆ ಈಶ್ವರ ಸಂವತ್ಸರವು ಬಂತು. 1876ರಿಂದ 1878ರ ವರೆಗಿನ ಆ ಕ್ಷಾಮದ ಭೀಕರತೆಯನ್ನು ಲೆಕ್ಕವೇ ಹೇಳುತ್ತದೆ. 1871ರ ಖಾನೇಷುಮಾರಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50 ಲಕ್ಷವನ್ನು ದಾಟಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಸರಕಾರದವರು ಗಂಜಿಕೇಂದ್ರಗಳನ್ನು ತೆರೆದರು. ಕೂಲಿಯ ಕೆಲಸಗಳನ್ನು ಹಚ್ಚಿದರು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುದಾರಿಯ ಕೆಲಸವೂ ಇವುಗಳಲ್ಲೊಂದು. ತಂದೆತಾಯಿಗಳು ಸತ್ತು ದಾರಿಯಲ್ಲಿ ಉಳಿದ ಮಕ್ಕಳನ್ನು ಮಿಶನ್ನಿನವರು ಕೂಡಿಸಿದರು. ವೆಸ್ಲಿಯನ್ನರು ತುಮಕೂರಿನಲ್ಲಿ ಗಂಡು ಮಕ್ಕಳಿಗೂ ಹಾಸನದಲ್ಲಿ ಹೆಣ್ಣು ಮಕ್ಕಳಿಗೂ ಅನಾಥಶಾಲೆಗಳನ್ನು ನಡಿಸಿದರು. ರೋಮನ್ ಕಥೋಲಿಕ ಪಾದ್ರಿಗಳು ಅನಾಥರನ್ನು ಸಾಕಿ ಹೊಲಗೆಲಸದಲ್ಲಿ ನೆಲೆಗೊಳಿಸಿದ ಸಿಲುವೆಪುರವು ನಮ್ಮ ಸೀಮೆಗೆ ಸಮೀಪದಲ್ಲೇ ಇದೆ. ಹೀಗೆ ಕ್ಷಾಮದಲ್ಲಿ ಹುಟ್ಟಿದ ಸಭೆಗಳು ನಮ್ಮ ನಾಡಿನಲ್ಲಿ ಉಂಟೆಂಬದು ಸತ್ಯ. ಅದನ್ನು ಮುಚ್ಚಿಡುವದು ನಮಗೆ ಯೋಗ್ಯವಲ್ಲ.

ಹಾಗಾದರೆ ಆ ನಂಬಿಕೆಯು ಸುಳ್ಳೋ? ಮೂರು ಸಂಗತಿಗಳನ್ನು ವಿಚಾರಿಸೋಣ.

ಮೊದಲನೆಯದಾಗಿ, ಮನುಷ್ಯನು ಯಾವ ದೇವರ ಬಳಿಗಾದರೂ ಅಕ್ಕರೆಯಿಂದ ಹೋಗುವದು ಕೊರತೆ ಬಂದಾಗಲೇ. ಮಳೆ ತಪ್ಪಿದಾಗ ಹುಡುಗರು ಮಳೆರಾಯನನ್ನು ಹೊತ್ತು ಮನೆಮನೆಗೆ ತಿರುಗುತ್ತಾರೆ. ಮಗು ಕಾಯಿಲೆಯಾದಾಗ ತಾಯಿ ಹರಕೆ ಹೊರುತ್ತಾಳೆ. ಇವರದು ಕಪಟ ಭಕ್ತಿಯೆಂದು ಯಾರೂ ಹೇಳುವದಿಲ್ಲ. ಹಾಗಿರಲಾಗಿ, ಹಸಿದು ಬಂದು ಪ್ರಾರ್ಥಿಸಿದ ನಮ್ಮ ಅಜ್ಜಂದಿರ ಭಕ್ತಿ ಮಾತ್ರ ಕಪಟವೆನ್ನುವದು ಯಾವ ನ್ಯಾಯ? ನಮ್ಮ ಕರ್ತನು ಹೇಳಿದ ಸಾಮ್ಯದಲ್ಲಿ ತಪ್ಪಿಹೋದ ಮಗನು ಮನೆಯ ಕಡೆಗೆ ತಿರುಗಿದ್ದು ಯಾತಕ್ಕೆ? ಪರದೇಶದಲ್ಲಿ ಬರ ಬಿದ್ದು, ತಂದೆಯ ಮನೆಯ ಆಳುಗಳಿಗೆ ಸಾಕಷ್ಟು ಅನ್ನವಿದೆಯೆಂಬದು ನೆನಪಿಗೆ ಬಂದದ್ದರಿಂದ. ಆ ತಂದೆಯು ದೂರದಿಂದಲೇ ಮಗನನ್ನು ಕಂಡು ಓಡಿಬಂದನು. ನೀನು ಪ್ರೀತಿಗಾಗಿ ಬಂದಿಯೋ ಅನ್ನಕ್ಕಾಗಿ ಬಂದಿಯೋ ಎಂದು ಅವನನ್ನು ಪರೀಕ್ಷಿಸಲಿಲ್ಲ. ಮನುಷ್ಯನು ಹೊಸ್ತಿಲಿಗೆ ಬಂದ ಕಾರಣವು ಬೇರೆ. ಒಳಗೆ ಬಂದು ಅಲ್ಲಿ ನೆಲೆಸಿದ ಕಾರಣವು ಬೇರೆ. ಕ್ಷಾಮವು ತೀರಿತು, ಮಳೆಯು ಬಂತು. ಆ ಮೇಲೆಯೂ ನಲವತ್ತು ಐವತ್ತು ವರುಷ ಪ್ರತಿ ಭಾನುವಾರ ದೇವಾಲಯಕ್ಕೆ ಬಂದು ಕೂತವನನ್ನು ಗಂಜಿಯೇ ಹಿಡಿದಿತ್ತೆಂದು ಹೇಳಲಾಗದು.

ಎರಡನೆಯದಾಗಿ, ಸಹಾಯ ಪಡೆದವರೆಲ್ಲರೂ ಸಭೆಗೆ ಸೇರಲಿಲ್ಲ. ಸೇರಿದವರೆಲ್ಲರೂ ಲಾಭವನ್ನೇ ಪಡೆಯಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಶನ್ನಿನವರು ಸ್ಥಾಪಿಸಿದ ಆಸ್ಪತ್ರೆಗೆ ಎಲ್ಲಾ ಜಾತಿಯವರೂ ಬಂದರು, ವಾಸಿಯಾಗಿ ತಮ್ಮ ತಮ್ಮ ದೇವರ ಬಳಿಗೇ ಹಿಂದಿರುಗಿದರು. ಔಷಧಿಯು ನಂಬಿಕೆಯನ್ನು ಕೊಂಡುಕೊಳ್ಳುವ ಹಣವಾಗಿದ್ದರೆ ಹೀಗಾಗುತ್ತಿತ್ತೇ? ಅತ್ತ ಕರಾವಳಿಯನ್ನು ನೋಡಿರಿ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದವರಲ್ಲಿ ಅನೇಕರು ಮನೆಯನ್ನೂ ಕಸುಬನ್ನೂ ನೆಂಟರನ್ನೂ ಕಳಕೊಂಡರು. ಅಂಥವರ ಜೀವನಕ್ಕಾಗಿಯೇ ನೇಯ್ಗೆಯ ಶಾಲೆಗಳೂ, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆಯೂ ಹುಟ್ಟಿದವು. ಅಲ್ಲಿ ಅವರು ಬೆವರು ಸುರಿಸಿ ದುಡಿದು ಉಂಡರು. ಆದರೆ ಹೀಗೆ ಕಳಕೊಂಡವರನ್ನು ಹೊಗಳಿ, ಹಸಿದು ಬಂದವರನ್ನು ಕೀಳಾಗಿ ಕಾಣುವದೂ ಸಲ್ಲದು. ಐಶ್ವರ್ಯವಿದ್ದವನಿಗೆ ಕಳಕೊಳ್ಳಲು ಏನಾದರೂ ಇತ್ತು. ಹೊಟ್ಟೆಗಿಲ್ಲದವನಿಗೆ ಅದೂ ಇರಲಿಲ್ಲ.

ಮೂರನೆಯದಾಗಿ, ನಮ್ಮ ಕಡೆಯ ತಪ್ಪನ್ನೂ ನಾವು ಹೇಳಬೇಕು. ಅನಾಥಶಾಲೆಯಲ್ಲಿ ಬೆಳೆದ ಐದು ವರುಷದ ಕೂಸಿಗೆ ಆರಿಸಿಕೊಳ್ಳುವ ಶಕ್ತಿಯೆಲ್ಲಿತ್ತು? ಸಾಕಿದವರ ದೇವರೇ ಅದಕ್ಕೆ ದೇವರಾದನು. ಈ ವಿಷಯದಲ್ಲಿ ಲೆಕ್ಕ ಒಪ್ಪಿಸಬೇಕಾದವನು ಕೊಟ್ಟವನೇ ಹೊರತು ಉಂಡ ಮಗುವಲ್ಲ. ಎಲ್ಲಿ ಕೊಡುವವನ ಮನಸ್ಸಿನಲ್ಲಿ ಅನ್ನವು ಗಾಳದ ಹುಳುವಾಗಿತ್ತೋ ಅಲ್ಲಿ ಪಾಪವಿತ್ತು. ಗುಡ್ಡದ ಬಯಲಿನಲ್ಲಿ ರೊಟ್ಟಿ ತಿಂದು ಮರುದಿನ ಪುನಃ ಹುಡುಕಿಕೊಂಡು ಬಂದ ಜನರಿಗೆ, ನೀವು ನನ್ನನ್ನಲ್ಲ, ರೊಟ್ಟಿಯನ್ನು ಹುಡುಕುತ್ತೀರೆಂದು ಕರ್ತನು ಕಣ್ಣೆದುರೇ ಹೇಳಿಬಿಟ್ಟನು. ಹೀಗಾಗುವದೆಂದು ಬಲ್ಲವನಾಗಿಯೂ ಆತನು ಹಿಂದಿನ ದಿನ ರೊಟ್ಟಿ ಕೊಡದೆ ಇರಲಿಲ್ಲ. ಹಸಿದವನಿಗೆ ಕೊಡುವದೂ ನಿಜ ಹೇಳುವದೂ ಆತನಲ್ಲಿ ಒಟ್ಟಿಗೆ ಇದ್ದವು.

ಇನ್ನೊಂದು ತಪ್ಪು ನಮ್ಮದೇ. ಅನ್ನ ಕೊಟ್ಟ ಕೈಯನ್ನು ಬಿಡದೆ ಹಿಡಿದು ನಿಂತೆವು. ಶಾಲೆ, ಭಾವಿ, ದೇವಾಲಯದ ಹೆಂಚು, ಉಪದೇಶಿಯ ಸಂಬಳ, ಇವೆಲ್ಲ ಬೇರೆಯವರು ಕೊಡತಕ್ಕದ್ದೆಂದು ಎಣಿಸಿದೆವು. 1914ರಲ್ಲಿ ಮಹಾಯುದ್ಧವು ಹುಟ್ಟಿದಾಗ ಜರ್ಮನ್ ಪಾದ್ರಿಗಳು ಸೆರೆಯಾಗಿ, ಬಳಿಕ ಸ್ವದೇಶಕ್ಕೆ ಹೋದರು. ಬಾಸೆಲ್ ಮಿಶನ್ನಿನ ಕಾರ್ಖಾನೆಗಳು ಪರರ ಕೈಸೇರಿದವು. ಅಂದು ಕರಾವಳಿಯ ಸಭೆಗಳು ತಮ್ಮ ಕಾಲ ಮೇಲೆ ತಾವು ನಿಲ್ಲುವದನ್ನು ಕಷ್ಟದಿಂದ ಕಲಿತವು. 1947ರ ಸೆಪ್ಟಂಬರ್ 27ರಂದು ದಕ್ಷಿಣ ಭಾರತ ಸಭೆಯು ಸ್ಥಾಪಿತವಾದಾಗ ನಾವು ಮಿಶನ್ನಿನ ಮಕ್ಕಳಾಗಿರುವದು ಮುಗಿದು, ಮನೆಯ ಯಜಮಾನರಾದೆವು. ಯಜಮಾನನ ಮನೆಯ ಬಾಗಿಲಿಗೆ ಹಸಿದವನು ಬಂದರೆ ಅವನು ಯಾರನ್ನು ತೋರಿಸಬೇಕು?

ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂದು ನಮ್ಮ ಗಾದೆಯುಂಟು. ಕೊಟ್ಟವರು ತೀರಿಹೋದರು, ಅವರಿಗೆ ಹಿಂದಕ್ಕೆ ಕೊಡಲಾರೆವು. ಅನ್ನದ ಋಣವನ್ನು ಅನ್ನದಿಂದಲೇ ತೀರಿಸಬೇಕು, ಮುಂದೆ ಬರುವ ಹಸಿದವನಿಗೆ ತೀರಿಸಬೇಕು. ಸುಗ್ಗಿಯ ಕೃತಜ್ಞತಾ ಆರಾಧನೆಯಲ್ಲಿ ನಾವು ರಾಗಿ, ಅವರೆ, ಕುಂಬಳಕಾಯಿಗಳನ್ನು ತಂದಿಟ್ಟು ಹರಾಜು ಹಾಕುತ್ತೇವೆ. ನಮ್ಮ ಹೆಂಗಸರು ಅಡಿಗೆಗೆ ಮುಂಚೆ ಹಿಡಿ ಅಕ್ಕಿಯನ್ನು ಬೇರೆ ಗಡಿಗೆಗೆ ಹಾಕುತ್ತಾರೆ. ಇದರಲ್ಲಿ ಒಂದು ಪಾಲು ಊರಿನಲ್ಲಿ ಯಾರ ಮನೆಯಲ್ಲಿ ಒಲೆ ಹೊತ್ತಲಿಲ್ಲವೋ ಅವರಿಗೆ ಹೋಗಲಿ. ಅವರು ನಮ್ಮವರೋ ಅಲ್ಲವೋ ಎಂದು ಕೇಳಬೇಡಿರಿ. ಕೊಟ್ಟ ದಿನ ದೀಕ್ಷಾಸ್ನಾನದ ಮಾತನ್ನೂ ಎತ್ತಬೇಡಿರಿ. ನಮ್ಮ ನಂಬಿಕೆಯ ವಿಷಯವನ್ನು ಕೇಳಬೇಕೆಂದು ಅವರು ಬಂದರೆ, ಹೊಟ್ಟೆ ತುಂಬಿದ ಮೇಲೆ, ಬೆಳೆ ಬಂದ ಮೇಲೆ, ನಮ್ಮ ಹಂಗು ಅವರಿಗೆ ಇಲ್ಲದಿರುವಾಗ ಬರಲಿ. ಆಗ ಹೇಳಿದ ಹೌದಿಗೂ ಅಲ್ಲಕ್ಕೂ ಬೆಲೆಯಿರುವದು. ಹೀಗೆ ಹಂಗಿಲ್ಲದೆ ಕೊಡುವ ಸಭೆಯನ್ನು ನೋಡಿದ ಊರಿನವರು, ಅದರ ಅಜ್ಜಂದಿರು ಏನು ಉಂಡು ಸೇರಿದರೆಂದು ಕೇಳುವದನ್ನು ತಾವಾಗಿಯೇ ಮರೆಯುವರು.

ಒಂದು ವೇಳೆ ಮರೆಯದೆ ಕೇಳಿದರೆ, ಕೋಪವಿಲ್ಲದೆ ಹೀಗೆ ಉತ್ತರ ಕೊಡೋಣ: "ಹೌದಣ್ಣ, ಧಾತು ಈಶ್ವರದ ಬರದಲ್ಲಿ ನಮ್ಮ ಹಿರಿಯರು ಹಸಿದಿದ್ದರು. ನಿಮ್ಮ ಹಿರಿಯರೂ ಹಸಿದಿದ್ದರು. ಸತ್ತವರು ಎರಡು ಮನೆಯಲ್ಲಿಯೂ ಉಂಟು. ಬದುಕಿದವರ ಮಕ್ಕಳು ನಾವಿಬ್ಬರೂ ಇಲ್ಲಿ ನಿಂತು ಮಾತಾಡುತ್ತಿದ್ದೇವೆ. ಈ ಸಾರಿ ಮಳೆ ತಪ್ಪಿದರೆ ನಮ್ಮ ಮನೆಯ ರಾಗಿ ನಿಮ್ಮದು."

ಆದರೆ ಗಡಿಗೆಯಲ್ಲಿ ರಾಗಿಯಿದ್ದರೆ ಮಾತ್ರ ಈ ಮಾತನ್ನು ಆಡಬಹುದು. ಆದಕಾರಣ ಪ್ರಿಯರೇ, ಮೊದಲು ಗಡಿಗೆಯನ್ನು ನೋಡಿಕೊಳ್ಳೋಣ.