ದನ ದುಡ್ಡು ಮೇಯುವುದಿಲ್ಲ

2023ರ ಆಗಸ್ಟ್ ಕೊನೆಗೆ ಅಪ್ಪ ಫೋನ್ ಮಾಡಿ, “ಎತ್ತು ಕೊಟ್ಬಿಡಾಣ ಅಂತಿದೀನಿ ಕಣಪ್ಪ” ಎಂದ. ನಮ್ಮದು ಭರಮಸಾಗರದ ಹತ್ತಿರದ ಒಂದು ಹಳ್ಳಿ. ಆ ತಿಂಗಳು ಮಳೆ ಪೂರ್ತಿ ಕೈಕೊಟ್ಟಿತ್ತು. ಮೆಕ್ಕೆಜೋಳದ ಗರಿಗಳು ಸುರುಳಿ ಸುತ್ತುತ್ತಿದ್ದವು. ಆದರೂ ಬದುವಿನಲ್ಲಿ ಅಷ್ಟಿಷ್ಟು ಹಸಿರಿತ್ತು, ಎತ್ತುಗಳ ಮೈ ತುಂಬಿಕೊಂಡಿತ್ತು, ಜೋಡಿಗೆ 90 ಸಾವಿರಕ್ಕೆ ಕೇಳಿದವರೂ ಇದ್ದರು. “ಈಗ್ಯಾಕೆ ಮಾರೋದು? ಮೇವು ಕೊಂಡರಾಯ್ತು, ದುಡ್ಡು ನಾನು ಕಳಿಸ್ತೀನಿ” ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ದನ ದುಡ್ಡು ಮೇಯಾಕಿಲ್ಲ” ಎಂದ. ನಾನು ನಕ್ಕುಬಿಟ್ಟೆ. ಎತ್ತುಗಳು ಉಳಿದವು.

ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುವವನು. ನಮ್ಮ ನಾಲ್ಕು ಎಕರೆ ಕೆಂಪು ನೆಲ ಮಳೆಯನ್ನೇ ನಂಬಿದ್ದು. ಹತ್ತು ವರ್ಷದಿಂದ ಬೀಜ, ಗೊಬ್ಬರ, ಬಾಡಿಗೆ ಟ್ರ್ಯಾಕ್ಟರಿನ ಖರ್ಚು, ಎಲ್ಲವೂ ನನ್ನ ಸಂಬಳದ್ದೇ. ಎತ್ತುಗಳಿಗೆ ಉಳಿದಿದ್ದು ಬಿತ್ತನೆ ಮತ್ತು ಎಡೆಕುಂಟೆಯ ಕೆಲಸ ಮಾತ್ರ. ಲೆಕ್ಕ ಹಾಕಿದರೆ ಅವು ಎಂದೋ ಹೋಗಬೇಕಿತ್ತು. ಲೆಕ್ಕ ಮೀರಿ ಉಳಿಸಿಕೊಂಡಿದ್ದೇನೆ ಎಂಬುದೇ ನನಗೆ ಹೆಮ್ಮೆ. ಬಡವ ಮಾರುತ್ತಾನೆ, ಕೈಯಲ್ಲಿ ಕಾಸಿದ್ದವನು ಸಾಕುತ್ತಾನೆ; ಇಷ್ಟೇ ನನ್ನ ನೀತಿಶಾಸ್ತ್ರ. ಶಾಲೆಯಲ್ಲಿ ಗೋವಿನ ಹಾಡು ಕೇಳಿ ಕಣ್ಣು ಒರೆಸಿಕೊಂಡು ಬೆಳೆದವರಿಗೆ ಇದು ಸಹಜ ಅನ್ನಿಸೀತು.

ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಮೊದಲು ನಮ್ಮ ಕಡೆ ಬಿಳಿಜೋಳ ಬೆಳೆಯುತ್ತಿದ್ದಾಗ ಸೊಪ್ಪೆಯ ಬಣವೆ ಹಿತ್ತಲಲ್ಲಿ ಇದ್ದೇ ಇರುತ್ತಿತ್ತು; ಒಂದು ಮಳೆಗಾಲ ತಪ್ಪಿದರೂ ಹಳೆಯ ಬಣವೆ ಕಾಯುತ್ತಿತ್ತು. ಮೆಕ್ಕೆಜೋಳ ಬಂದ ಮೇಲೆ ಕಾಳಿಗೆ ದುಡ್ಡು ಬಂತು, ಬಣವೆ ಸಣ್ಣದಾಯಿತು. ಅದರ ದಂಟನ್ನು ದನ ಅಷ್ಟು ಇಷ್ಟಪಟ್ಟು ತಿನ್ನುವುದೂ ಇಲ್ಲ. ನಾನು ಕಳಿಸಿದ ದುಡ್ಡು ಫೋನಿನಲ್ಲಿ ಒಂದು ಗಳಿಗೆಗೆ ತಲುಪುತ್ತಿತ್ತು. ಅದು ಹುಲ್ಲಾಗಬೇಕಾದರೆ ಅಪ್ಪ ಟೆಂಪೋ ಹಿಡಿದು ಭತ್ತದ ಸೀಮೆಗೆ ಹೋಗಬೇಕು, ಎರಡು ದಿನ ಅಲೆಯಬೇಕು. ಪ್ರತಿ ಸಲವೂ ದರ ಏರಿರುತ್ತಿತ್ತು.

ಸಂಕ್ರಾಂತಿಗೆ ಊರಿಗೆ ಹೋದಾಗ ಅವ್ವ ಬೆಳಿಗ್ಗೆ ಐದಕ್ಕೇ ಎದ್ದು ಕೊಡ ಹೊರುತ್ತಿದ್ದಳು. ಎರಡು ಎತ್ತು, ಒಂದು ಹಸು. ಬಾನಿ ತುಂಬಲು ಎಷ್ಟು ಕೊಡ ಬೇಕೆಂದು ನಾನು ಯಾವತ್ತೂ ಎಣಿಸಿರಲಿಲ್ಲ. ಎಣಿಸುತ್ತಾ ನಿಂತೆ. ಎಂಟನೆಯದಕ್ಕೆ ಅವಳು ಗೋಡೆ ಹಿಡಿದು ಮಂಡಿ ಒತ್ತಿಕೊಂಡಳು. “ನೋವು ಯಾವಾಗಿಂದ?” ಎಂದೆ. “ದೀಪಾವಳಿಯಿಂದ” ಎಂದಳು. ಫೋನಿನಲ್ಲಿ ನಾನು ಕೇಳುತ್ತಿದ್ದುದು ಎತ್ತುಗಳ ವಿಚಾರ.

ಬರಗಾಲದಲ್ಲಿ ಪಶುಪಾಲಕರು ಎರಡು ಸಲ ಸೋಲುತ್ತಾರೆ ಎಂಬುದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಅಮರ್ತ್ಯ ಸೇನ್ 1981ರ ‘ಪಾವರ್ಟಿ ಅಂಡ್ ಫ್ಯಾಮಿನ್ಸ್’ ಪುಸ್ತಕದಲ್ಲಿ ಇಥಿಯೋಪಿಯಾ ಮತ್ತು ಸಹೇಲ್ ಸೀಮೆಯ ಬರಗಳನ್ನು ಪರಿಶೀಲಿಸುತ್ತಾ ಇದನ್ನು ತೋರಿಸಿದ್ದಾರೆ: ದನಗಳೂ ಸಾಯುತ್ತವೆ, ಉಳಿದ ದನಗಳಿಗೆ ಸಿಗುವ ಕಾಳೂ ಕಡಿಮೆಯಾಗುತ್ತದೆ. ಎಲ್ಲರೂ ಒಟ್ಟಿಗೇ ಮಾರಲು ಬಂದಾಗ ಬೆಲೆ ಇರುವುದಿಲ್ಲ. ಇದನ್ನು ಬೋರ್ಡಿನ ಮೇಲೆ ಬರೆದು ವಿವರಿಸಿದ ನಾನೇ ಅಪ್ಪನ ಮಾತಿಗೆ ನಕ್ಕಿದ್ದೆ.

ಬೆಲೆಯೊಂದೇ ಅಲ್ಲ. ಬೇಗ ಮಾರಿದರೆ ಎತ್ತು ಮತ್ತೊಬ್ಬ ಬೇಸಾಯಗಾರನ ಕೊಟ್ಟಿಗೆಗೆ ಹೋಗುತ್ತದೆ. ಮೈ ಇಳಿದ, ಬಾಯಿಗೂಡಿ ವರ್ಷಗಳಾದ ಎತ್ತನ್ನು ಉಳುವವನು ಕೊಳ್ಳುವುದಿಲ್ಲ. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತಿಗೆ ಪ್ರಮಾಣಪತ್ರ ಪಡೆದು ವಧೆಗೆ ಅವಕಾಶವಿತ್ತು. 2021ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ 13 ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ ಆ ಅವಕಾಶ. ಕಾಯ್ದೆಯ ಸರಿತಪ್ಪು ಬೇರೆ ಚರ್ಚೆ. ರೈತನ ಅಂಗಳದಲ್ಲಿ ನಿಂತು ನೋಡಿದರೆ, ಮಾರಬಹುದಾದ ಕಾಲ ಮೊದಲಿಗಿಂತ ಕಿರಿದಾಗಿದೆ. ಕೊಡುವ ಹೊತ್ತು ಅಂದರೆ ನಮಗೆ ಬೇಡವಾದ ಹೊತ್ತಲ್ಲ, ಇನ್ನೊಬ್ಬರಿಗೆ ಅದು ಇನ್ನೂ ಬೇಕಾಗಿರುವ ಹೊತ್ತು. ಅಪ್ಪ ಆಗಸ್ಟಿನಲ್ಲೇ ಕೊಡಲು ಹೊರಟಿದ್ದು ಕಾಠಿಣ್ಯ ಎಂದುಕೊಂಡಿದ್ದೆ. ಅದು ಎತ್ತುಗಳ ಮೇಲಿನ ಕಾಳಜಿಯೂ ಆಗಿತ್ತು.

ಹಾಗಾದರೆ ಮಾರದೇ ಇರುವ ಧರ್ಮ ಇಲ್ಲವೇ? ನಮ್ಮ ಜಿಲ್ಲೆಯಲ್ಲೇ ಇದೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮ್ಯಾಸ ನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಅವನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ. ಕಾಯಲು ಕಿಲಾರಿಗಳಿದ್ದಾರೆ, ಅವರಿಗೆ ಸಮುದಾಯದಲ್ಲಿ ಗೌರವವಿದೆ. ಮೇವಿಗೆ ಕಷ್ಟವಾದರೆ ಅದು ಇಡೀ ಕುಲದ ಚಿಂತೆ. ಆ ವ್ರತದ ಭಾರವನ್ನು ಹೊತ್ತವರು ನೂರಾರು ಜನ, ಹೊತ್ತಿದ್ದು ಗೊತ್ತಿದ್ದೇ ಹೊತ್ತವರು. ನನ್ನ ವ್ರತದ ಭಾರ ಅರವತ್ತು ದಾಟಿದ ಒಬ್ಬಳ ಮಂಡಿಯ ಮೇಲಿತ್ತು. ಅವಳನ್ನು ನಾನು ಕೇಳಿರಲಿಲ್ಲ.

ಭರಮಸಾಗರದ ದೊಡ್ಡ ಕೆರೆಗೂ ಈಗ ಪೈಪಿನಲ್ಲಿ ತುಂಗಭದ್ರೆಯ ನೀರು ಬರುತ್ತದೆ. ಹೊರಗಿನಿಂದ ಬಂದ ನೀರೇ ಕೆರೆಯನ್ನು ಉಳಿಸಿದೆ, ಅದರಲ್ಲಿ ತಪ್ಪೇನಿಲ್ಲ. ನಮ್ಮಂಥ ಎಷ್ಟೋ ಮನೆಗಳು ನಿಂತಿರುವುದೂ ಹಾಗೆಯೇ, ಹೊರಗೆ ದುಡಿಯುವ ಮಕ್ಕಳ ಸಂಬಳದ ಮೇಲೆ. ಆದರೆ ನೀರು ಬಿಟ್ಟವನು ಗದ್ದೆಗೂ ಇಳಿದು ಯಾವ ಬೆಳೆ ಎಂದು ಹೇಳತೊಡಗಿದರೆ ಹೇಗೆ? ನಾನು ಮಾಡಿದ್ದು ಅದನ್ನೇ. ದುಡ್ಡು ಕಳಿಸುವುದರ ಜೊತೆಗೆ ತೀರ್ಮಾನವನ್ನೂ ಕಳಿಸಿಬಿಟ್ಟೆ. ಸಂಬಳವಿಲ್ಲದ ಮನೆಯಲ್ಲಿ ಬರವೇ ಬಂದು “ಈಗ ಮಾರು” ಎನ್ನುತ್ತದೆ. ಸಂಬಳ ಆ ದನಿಯನ್ನು ಅಡಗಿಸಿದ ಮೇಲೆ, ಯಾರಿಗೆ ಎಷ್ಟು ಸಾಕಾಗಿದೆ ಎಂದು ಬಾಯಿಬಿಟ್ಟು ಕೇಳುವ ಹೊಣೆ ನಮ್ಮದಾಗುತ್ತದೆ.

2024ರ ಯುಗಾದಿಗೆ ಮುಂಚೆ ಎತ್ತುಗಳು ಹೋದವು. ಕೊಳವೆಬಾವಿಯಿದ್ದ ರೈತನೊಬ್ಬ ಕೊಂಡ, ಅದೇ ಪುಣ್ಯ. ಬೆಲೆ 48 ಸಾವಿರ. ಹಗ್ಗಗಳನ್ನು ಅಪ್ಪ ಉಳಿಸಿಕೊಂಡು ಗೂಟಕ್ಕೇ ಸುತ್ತಿಟ್ಟ. “ನಾನು ಆಗ್ಲೇ ಹೇಳಿದ್ನಲ್ಲ” ಎಂದು ಇವತ್ತಿನವರೆಗೂ ಅಂದಿಲ್ಲ.

ಈಗ ಉಳಿದಿರುವುದು ಹಸು ಒಂದೇ. ಡೇರಿಗೆ ದಿನಾ ಮೂರು ಲೀಟರ್ ಹಾಕುತ್ತಿದ್ದುದು ಒಂದೂವರೆಗೆ ಬಂದಿದೆ. ಮೊನ್ನೆ ಅವ್ವ ಫೋನಿನಲ್ಲಿ, “ಇದನ್ನೂ ಕೊಟ್ಬಿಡಾಣೇನೋ?” ಎಂದು ಕೇಳಿದಳು. ಬೇಡ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು, “ನಿಂಗೆ ಹೆಂಗನ್ನಿಸ್ತೈತವ್ವ?” ಎಂದೆ. ಅವಳು ಯೋಚಿಸಿದಳು. “ಇನ್ನೊಂದು ತಿಂಗ್ಳು ನೋಡ್ತೀನಿ, ಆಮೇಲೆ ಹೇಳ್ತೀನಿ” ಎಂದಳು.

ಹೂಂ ಎಂದೆ. ಕಾಯುತ್ತಿದ್ದೇನೆ.